ಕಂತಿನ ಮೇಲೆ ಆಪ್ತಸಮಾಲೋಚನೆ ಮಾರುವವರ ಬಗ್ಗೆ ಎಚ್ಚರವಿರಲಿ

ಬೆಂಗಳೂರಿನಲ್ಲಿ ಕೆಲಸ ಕಳೆದುಕೊಂಡು, ಮನೆಸಾಲ ಮತ್ತು ಕ್ರೆಡಿಟ್ ಕಾರ್ಡ್ ಬಾಕಿಯ ಚಿಂತೆಯಲ್ಲಿ ಊಟ, ನಿದ್ದೆ ಎರಡನ್ನೂ ಬಿಟ್ಟಿದ್ದ ನನ್ನ ತಮ್ಮ, ಮೊಬೈಲಿನಲ್ಲಿ ಕಂಡ ಜಾಹೀರಾತನ್ನು ನಂಬಿ ಆನ್‌ಲೈನ್ ಆಪ್ತಸಮಾಲೋಚನೆಯ ಆ್ಯಪ್ ಒಂದನ್ನು ಸೇರಿದ. ಮೊದಲ ಉಚಿತ ಕರೆಯಲ್ಲಿ ಮಾತನಾಡಿದವರು ಅವನ ಸಂಕಟವನ್ನೆಲ್ಲ ಕೇಳಿಸಿಕೊಂಡು, ಖಿನ್ನತೆ ತೀವ್ರವಾಗಿದೆ, ತಡಮಾಡಿದರೆ ಕೈಮೀರುತ್ತದೆ ಎಂದು ಹೆದರಿಸಿ, ಆರು ತಿಂಗಳ ಪ್ಯಾಕೇಜಿಗೆ ಕಂತಿನ ಮೇಲೆ ಒಪ್ಪಿಸಿದರು. ಅವನ ಪ್ಯಾನ್ ಮತ್ತು ಆಧಾರ್ ವಿವರಗಳನ್ನು ಪಡೆದು ಬೇರೊಂದು ಹಣಕಾಸು ಕಂಪನಿಯಿಂದ ಅವನ ಹೆಸರಿನಲ್ಲಿ ಸಾಲವನ್ನೇ ಮಾಡಿಸಿದ್ದರು ಎಂಬುದು ತಿಳಿದದ್ದು, ಖಾತೆಯಿಂದ ಹಣ ಕಡಿತವಾಗತೊಡಗಿದ ಮೇಲೆ.

ಪ್ರತಿ ಸಲವೂ ಹೊಸಬರೊಬ್ಬರು ಕರೆಗೆ ಬರುತ್ತಿದ್ದುದರಿಂದ ಅವನು ತನ್ನ ಕಥೆಯನ್ನು ಮೊದಲಿನಿಂದ ಹೇಳಬೇಕಾಗುತ್ತಿತ್ತು. ಅವರ ವಿದ್ಯಾರ್ಹತೆ ಕೇಳಿದರೆ ಸ್ಪಷ್ಟ ಉತ್ತರವಿರಲಿಲ್ಲ. ನಿಲ್ಲಿಸುತ್ತೇನೆಂದಾಗ ಆ್ಯಪ್‌ನವರು ಸಾಲಕ್ಕೂ ತಮಗೂ ಸಂಬಂಧವಿಲ್ಲವೆಂದರು. ಸಾಲ ಕೊಟ್ಟವರು, ಸೇವೆಯ ದೂರನ್ನು ಆ್ಯಪ್‌ನವರಿಗೇ ಹೇಳಿ ಎಂದರು. ಅಷ್ಟರಲ್ಲಿ ಕಂತು ಬೌನ್ಸ್ ಆಗಿ ಬ್ಯಾಂಕಿನ ದಂಡವೂ ವಸೂಲಿಯವರ ಕರೆಗಳೂ ಶುರುವಾದವು. ಫೋನ್ ರಿಂಗಾದರೆ ನಡುಗುವ ಸ್ಥಿತಿಗೆ ಅವನನ್ನು ತಂದದ್ದು ಚಿಕಿತ್ಸೆಯ ಹೆಸರಿನ ಈ ವ್ಯವಹಾರವೇ. ಹಣದ ಚಿಂತೆಯಿಂದ ಕುಸಿದವರ ತಲೆಗೆ ಮತ್ತೊಂದು ಸಾಲ ಕಟ್ಟುವುದು ಕ್ರೌರ್ಯವೆಂದೇ ನಾನು ಹೇಳುತ್ತೇನೆ.

ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಣಿ ಹೊಂದಿರಬೇಕು. ಆ ಸಂಖ್ಯೆಯನ್ನು ಕೇಳಿ ಪಡೆದು ಪರಿಷತ್ತಿನ ಜಾಲತಾಣದಲ್ಲಿ ಪರಿಶೀಲಿಸಿ. ಒಂದೊಂದು ಭೇಟಿಗೆ ಮಾತ್ರ ಹಣ ಕೊಡಿ. ಡಿಜಿಟಲ್ ಸಾಲಕ್ಕೆ ಸಹಿ ಹಾಕುವ ಮೊದಲು ವಾರ್ಷಿಕ ಬಡ್ಡಿ ಮತ್ತು ಶುಲ್ಕಗಳೆಲ್ಲ ನಮೂದಾಗಿರುವ ವಿವರಪತ್ರವನ್ನು ಕೊಡಬೇಕೆಂದೂ, ದಂಡವಿಲ್ಲದೆ ಹಿಂದೆ ಸರಿಯಲು ಅಲ್ಪಾವಧಿಯ ಅವಕಾಶವಿರಬೇಕೆಂದೂ ರಿಸರ್ವ್ ಬ್ಯಾಂಕಿನ ನಿಯಮವಿದೆ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ.

ಆನ್‌ಲೈನ್ ಸಮಾಲೋಚನೆಯೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಗೆ ಹಗಲಿರುಳು ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು. ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ನನ್ನ ತಮ್ಮ ಆ ಸಹಾಯವಾಣಿಯ ಮೂಲಕವೇ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರನ್ನು ತಲುಪಿ, ಈಗ ಔಷಧಿ ತೆಗೆದುಕೊಳ್ಳುತ್ತಿದ್ದಾನೆ. ಆ್ಯಪ್‌ನ ಮೇಲೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ಸಾಲ ಕೊಟ್ಟ ಕಂಪನಿಗೂ ಲಿಖಿತ ದೂರು ಸಲ್ಲಿಸಿದ್ದು, 30 ದಿನಗಳೊಳಗೆ ಸರಿಯಾದ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ದೂರು ಇತ್ಯರ್ಥ ಅಧಿಕಾರಿಯಾದ ಓಂಬುಡ್ಸ್‌ಮನ್ ಬಳಿಗೆ ಹೋಗಲಿದ್ದೇವೆ.