ಯಾಂಗೋನ್‌ನಲ್ಲಿ ಒಂದೇ ಸಂಜೆ: ಬೇಯಿಸಿದ ಕಡ್ಡಿಯೋ, ಸುಟ್ಟ ಕಡ್ಡಿಯೋ?

ಮ್ಯಾನ್ಮಾರ್‌ನ ಯಾಂಗೋನ್‌ನಲ್ಲಿ ಒಂದೇ ಸಂಜೆ ಇದೆ, ಕಡ್ಡಿಗೆ ಚುಚ್ಚಿದ ಬೇಯಿಸಿದ ಹಂದಿಮಾಂಸವಾದ ವೆಟ್ ಥಾ ದೋಟ್ ಟೋ ತಿನ್ನಲೋ, ಚೈನಾಟೌನಿನ 19ನೇ ಬೀದಿಯ ಸುಟ್ಟ ಮಾಂಸ ತಿನ್ನಲೋ ಎಂದು ಕೇಳಿದ್ದೀರಿ.

ರುಚಿಯಿಂದಲೇ ಶುರು ಮಾಡೋಣ. ಮೊದಲನೆಯದು ಹಂದಿಯ ಕರುಳು, ಈಲಿ, ನಾಲಿಗೆ, ಕಿವಿಗಳನ್ನು ಸೋಯಾ ಸಾಸಿನ ರಸದಲ್ಲಿ ಮೆತ್ತಗೆ ಬೇಯಿಸಿ, ಸಣ್ಣ ತುಂಡು ಮಾಡಿ ಬಿದಿರು ಕಡ್ಡಿಗೆ ಚುಚ್ಚಿದ್ದು. ನಡುವೆ ಕುದಿಯುವ ಪಾತ್ರೆ, ಸುತ್ತ ಪುಟ್ಟ ಸ್ಟೂಲುಗಳು. ಬೇಕಾದ ಕಡ್ಡಿ ಎತ್ತಿ, ಹುಳಿ-ಖಾರದ ಸಾಸಿನಲ್ಲಿ ಅದ್ದಿ ಬಾಯಿಗಿಡಬೇಕು. ಕಿವಿಯ ಕರುಕುರು ಮೆದುಮೂಳೆಗೆ ಹಸಿ ಬೆಳ್ಳುಳ್ಳಿ ಕಚ್ಚಿಕೊಂಡರೆ, ಆಹಾ! 19ನೇ ಬೀದಿಯದು ಕೆಂಡದ ಹೊಗೆಯ ರುಚಿ. ಕೋಳಿ, ಮೀನು, ಅಣಬೆ, ಬೆಂಡೆಕಾಯಿಯೂ ಸಿಗುತ್ತವೆ.

ಖರ್ಚು? ಬೇಯಿಸಿದ್ದೇ ಅಗ್ಗ. ತಿಂದ ಕಡ್ಡಿಗಳನ್ನು ಎಣಿಸಿ ದುಡ್ಡು ತೆಗೆದುಕೊಳ್ಳುತ್ತಾರೆ, ಹಾಗಾಗಿ ನಾಲ್ಕೇ ಕಡ್ಡಿ ತಿಂದು ಎದ್ದರೂ ಸರಿಯೇ. ಸುಟ್ಟದ್ದಕ್ಕೆ ಆರಿಸಿಕೊಟ್ಟು ಕಾಯಬೇಕು, ಬಿಯರ್ ಜೊತೆಯಾದರೆ ಬಿಲ್ಲೂ ಏರುತ್ತದೆ.

ಹೊಟ್ಟೆ ಸೂಕ್ಷ್ಮವಿದ್ದವರಿಗೆ ಕಣ್ಣೆದುರೇ ಕೆಂಡದಿಂದ ಇಳಿದದ್ದು ವಾಸಿ. ಅದ್ದುವ ಸಾಸಿನ ಬಟ್ಟಲು ಹಲವರ ಕೈ ದಾಟಿರಬಹುದು. ಹಂದಿ ತಿನ್ನದವರು, ಸಸ್ಯಾಹಾರಿ ಗೆಳೆಯರಿದ್ದವರು 19ನೇ ಬೀದಿಗೇ ಹೋಗಿ. ಒಬ್ಬರೇ ಇದ್ದು, ಕರುಳು-ಈಲಿ ಇಷ್ಟವಾದರೆ ಆ ಪುಟ್ಟ ಸ್ಟೂಲು ಬಿಡಬೇಡಿ.