ಉಡುಪಿಯಲ್ಲಿ ಗೊಂಬೆ ಕಸ್ಟಮ್ ಮಾಡಿಸಿದ್ದು: ಬಭ್ರುವಾಹನ ಹೇಗೆ ಬಂದ, ಫೋಟೋ ಕೊಟ್ರೆ ಹಾಗೇ ಮಾಡ್ತಾರಾ

ಗೊಂಬೆ ಹುಚ್ಚು ಇರುವವರು ಸುಮಾರು ಜನ ಕೇಳ್ತಾ ಇದ್ರಿ, ಕಂಪನಿ ಗೊಂಬೆಯ ಬಣ್ಣ ಅಳಿಸಿ ನಮಗೆ ಬೇಕಾದ ಮುಖ, ವೇಷ ಮಾಡಿ ಕೊಡುವ ಉಡುಪಿಯ ಅಕ್ಕನ ಹತ್ರ ಮಾಡಿಸಿದ್ದು ಹೇಗೆ ಬಂತು, ಕೊಟ್ಟ ದುಡ್ಡಿಗೆ ಸರಿ ಉಂಟಾ, ಇನ್‌ಸ್ಟಾಗ್ರಾಮಲ್ಲಿ ನೋಡಿದ ಫೋಟೋ ಕೊಟ್ರೆ ಹಾಗೇ ಮಾಡಿ ಕೊಡ್ತಾರಾ ಅಂತ. ಕೊನೇದಕ್ಕೆ ಮೊದ್ಲೇ ಉತ್ತರ ಹೇಳಿಬಿಡ್ತೇನೆ, ಇಲ್ಲ, ಕೊಡುದಿಲ್ಲ. ನೀವು ಡಬಲ್ ದುಡ್ಡು ಕೊಡ್ತೇನೆ ಅಂದ್ರೂ ಕೊಡುದಿಲ್ಲ. ನನಗೆ ಅವರ ಸರ್ವಿಸಲ್ಲಿ ಎಲ್ಲಕ್ಕಿಂತ ಹೆಚ್ಚು ಇಷ್ಟ ಆದದ್ದೇ ಅದು, ಹಾಗಾಗಿ ಈ ರಿವ್ಯೂ ಸ್ವಲ್ಪ ಉದ್ದ ಆಗ್ತದೆ.

ಜಾಗ ಕಲ್ಸಂಕದಿಂದ ನಡ್ಕೊಂಡು ಹೋಗುವಷ್ಟು ಹತ್ರ. ಬೋರ್ಡು ಗೀರ್ಡು ಎಂತ ಇಲ್ಲ, ಮನೆಯ ಮಾಳಿಗೆ ರೂಮೇ ಅವರ ಸ್ಟುಡಿಯೋ, ಹೆಸರು ಹಾಕ್ಬೇಡಿ ಅಂತ ಅವರೇ ಹೇಳಿದ್ದಾರೆ ಯಾಕಂದ್ರೆ ಇರುವ ಆರ್ಡರೇ ಮುಗಿಯುದಿಲ್ಲ. ಮಂಗಳೂರಿನವರಾದ್ರೆ ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡಲ್ಲಿ ಎಕ್ಸ್‌ಪ್ರೆಸ್ ಬಸ್ ಹತ್ತಿ ಆರಾಮಾಗಿ ಹೋಗಿ ಬರ್ಬಹುದು. ಗೊಂಬೆ ನಾವೇ ತಗೊಂಡು ಹೋಗ್ಬೇಕು, ವಿನೈಲ್ ಅಂದ್ರೆ ಮೆತ್ತಗಿನ ಪ್ಲಾಸ್ಟಿಕ್ ತಲೆಯ ಫ್ಯಾಷನ್ ಗೊಂಬೆ, ಬ್ಲೈತ್, ಮಾನ್‌ಸ್ಟರ್ ಹೈ ಯಾವುದಾದ್ರೂ ಆಗ್ತದೆ. ಬರೀ ಮುಖ ಅಂದ್ರೆ 1,800 ರೂಪಾಯಿ, ಮುಖ ವೇಷ ಎಲ್ಲ ಸೇರಿ ನನ್ನದಕ್ಕೆ 6,500 ಆಯ್ತು. ಕಮ್ಮಿ ಅಲ್ಲ, ಗೊತ್ತುಂಟು.

ನನಗೆ ಬೇಕಿದ್ದದ್ದು ಯಕ್ಷಗಾನದ ಬಡಗುತಿಟ್ಟಿನ (ಉತ್ತರದ ಶೈಲಿಯ) ಬಭ್ರುವಾಹನ, ಅರ್ಜುನನ ಮಗ, ಕೇದಗೆ ಮುಂದಲೆ ಅನ್ನುವ ತಲೆಯ ಕಟ್ಟು ಕಟ್ಟಿದ ಎಳೇ ಹುಡುಗನ ವೇಷ. ಹನ್ನೊಂದೂವರೆ ಇಂಚಿನ ಗೊಂಬೆಯಲ್ಲಿ. ಅಂಗಡಿಯಲ್ಲಿ ಸಿಗುವ ಯಕ್ಷಗಾನ ಗೊಂಬೆ ಬೇಕಾದಷ್ಟು ಉಂಟು, ಶೋಕೇಸಿಗೆ ಚೆಂದ, ಆದ್ರೆ ಮುಖ ಎಲ್ಲ ಒಂದೇ ತರ, ಕಿರೀಟ ಬದಲಾದ್ರೆ ಕರ್ಣ ಹೋಗಿ ಕೃಷ್ಣ ಆಗ್ತಾನೆ ಅಷ್ಟೇ. ನನಗೆ ಅಪ್ಪನ ಎದುರು ನಿಲ್ಲುವ ಮಗನ ಮುಖ ಬೇಕಿತ್ತು.

ಕೆಲಸ ಹೇಗೆ ಅಂದ್ರೆ ಮೊದ್ಲು ಕಂಪನಿ ಪೇಂಟ್ ಪೂರಾ ಅಸಿಟೋನಲ್ಲಿ ತೆಗೀತಾರೆ (ವಿನೈಲಿಗೆ ಮಾತ್ರ ಆಯ್ತಾ, ಗಟ್ಟಿ ಪ್ಲಾಸ್ಟಿಕ್ಕಿಗೆ ಅಸಿಟೋನ್ ಹಾಕಿದ್ರೆ ಕರಗಿ ಹೋಗ್ತದೆ, ಮನೆಯಲ್ಲಿ ಟ್ರೈ ಮಾಡುವವರು ನೆನಪಿಡಿ). ಆಮೇಲೆ ಮ್ಯಾಟ್ ಸೀಲರ್ ಸ್ಪ್ರೇ (ಬಣ್ಣ ಹಿಡಿದಿಡುವ, ಹೊಳಪಿಲ್ಲದ ಲೇಪ), ಅದರ ಮೇಲೆ ಚಾಕ್ ಪೇಸ್ಟಲ್, ವಾಟರ್‌ಕಲರ್ ಪೆನ್ಸಿಲ್, ಪುನಃ ಸ್ಪ್ರೇ, ಪುನಃ ಬಣ್ಣ, ಹೀಗೆ ಪದರ ಪದರ. ಕೊನೆಗೆ ಕಣ್ಣಿಗೆ ತುಟಿಗೆ ಹೊಳಪಿನ ಲೇಪ. ಮಳೆಗಾಲದಲ್ಲಿ ಅವರು ಮುಖದ ಕೆಲಸ ಮುಟ್ಟುದೇ ಇಲ್ಲ, ಯಾಕಂದ್ರೆ ಗಾಳಿಯಲ್ಲಿ ತೇವ ಜಾಸ್ತಿ ಇದ್ರೆ ಆ ಸೀಲರ್ ಒಣಗುವಾಗ ಬೆಳ್ಳಗೆ ಮಂಜು ಹಿಡಿದ ಹಾಗಾಗ್ತದೆ, ನಮ್ಮ ಕರಾವಳಿಯ ಜೂನ್ ಜುಲೈಯಲ್ಲಿ ಕೇಳುದೇ ಬೇಡ. ನನ್ನ ಗೊಂಬೆ ಲೇಟಾದದ್ದು ಇದಕ್ಕೇ. ಲೇಟಾದದ್ದಕ್ಕೆ ಬೇಜಾರಿಲ್ಲ, ಆದ್ರೆ ಆರ್ಡರ್ ತಗೊಳ್ಳುವಾಗ್ಲೇ ಹೇಳ್ಬೇಕಿತ್ತು, ನಾನು ಮೆಸೇಜ್ ಹಾಕಿ ಹಾಕಿ ಕೇಳಿದ ಮೇಲೆ ಗೊತ್ತಾದದ್ದು. ವಾಟ್ಸಾಪಿಗೆ ರಿಪ್ಲೈ ಬರ್ಲಿಕ್ಕೆ ತುಂಬಾ ತಡ ಆಗ್ತದೆ, ಫೋನ್ ಮಾಡುದೇ ಒಳ್ಳೇದು.

ಈಗ ವೇಷದ ವಿಷಯ. ವೇಷಕ್ಕೆ ಕಚ್ಚೆ ಹಾಗೆ ಉಡುವ ನಿಜವಾದ ಕಸೆ ಸೀರೆಯ ಚೌಕುಳಿ ದೊಡ್ಡದು, ಆ ಬಟ್ಟೆಯನ್ನೇ ಕತ್ತರಿಸಿ ಗೊಂಬೆಗೆ ಉಡಿಸಿದ್ರೆ ಎರಡು ಚೌಕದಲ್ಲಿ ಕಾಲೇ ಮುಗೀತದೆ. ಅಕ್ಕ ಎಂತ ಮಾಡಿದ್ರು ಅಂದ್ರೆ ಸಣ್ಣ ಚೌಕುಳಿಯ ಕೆಂಪು ಬೈರಾಸು (ಟವೆಲ್) ಒಂದನ್ನು ಹುಡುಕಿ ತೆಗ್ದು, ಅದನ್ನು ತುಂಬಾ ಸಲ ತೊಳ್ದು ಮೆತ್ತಗೆ ಮಾಡಿ ಅದರಿಂದ ಕಸೆ ಕಟ್ಟಿದ್ದಾರೆ. ಗೊಂಬೆಯ ಅಳತೆಗೆ ಆ ಚೌಕ ಸರಿಯಾಗಿ ಕೂತಿದೆ, ಫೋಟೋದಲ್ಲಿ ನೋಡಿದ್ರೆ ಮೇಳದ ವೇಷವೇ ಅಂತ ಅನ್ನಿಸ್ತದೆ. ಬಟ್ಟೆ ಎಡಗಡೆ ಸ್ವಲ್ಪ ಕಮ್ಮಿ ಬಿದ್ದು ಅಲ್ಲೊಂದು ಜೋಡು (ತುಂಡು ಸೇರಿಸಿದ ಹೊಲಿಗೆ) ಕೊಟ್ಟಿದ್ದಾರೆ, ಜೋಡು ಕಾಣದ ಹಾಗೆ ಅದರ ಮೇಲೆ ಎರಡು ಸಾಲು ಚಿನ್ನದ ಬಣ್ಣದ ಮಣಿ. ಬಲಗಡೆ ಮಣಿ ಇಲ್ಲ. ಈ ಮಣಿಯನ್ನು ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಬರ್ತದೆ.

ಮುಂದಲೆಯನ್ನು ಅಂಟಿಸಿದ್ದಲ್ಲ, ನಿಜವಾಗಿ ಬಟ್ಟೆ ಸುತ್ತಿ ನೂಲಲ್ಲಿ ಕಟ್ಟಿದ್ದು. ಭುಜಕೀರ್ತಿ, ಎದೆಕಟ್ಟು ಹಗುರ ಮರದ ತುಂಡಿನದ್ದು. ಡಾಬು ಮಾತ್ರ ಅಂಟಿಸಿದ್ರು, ಅದು ಮನೆಗೆ ಬಂದ ಕೆಲವೇ ದಿನದಲ್ಲಿ ಒಂದು ಬದಿ ಕಿತ್ತು ಬಂತು, ಹೇಳಿದ ಕೂಡ್ಲೇ ತರಿಸಿ ಹೊಲಿದು ಕಳಿಸಿದ್ರು, ಕೊರಿಯರ್ ದುಡ್ಡೂ ಅವರೇ ಕೊಟ್ರು.

ಗೊಂಬೆಯ ಜೊತೆ ಒಂದು ಸಣ್ಣ ಕಾರ್ಡ್ ಬರ್ತದೆ, ಕೈಬರಹದ್ದು. ಅದರಲ್ಲಿ ಯಾವುದು ಎಲ್ಲಿಂದ ಬಂತು ಅಂತ ಬರೆದಿರ್ತದೆ. ನನ್ನದರಲ್ಲಿ "ಕೈ ಎತ್ತಿದ ಭಂಗಿ: ಉಪ್ಪಿನಕುದ್ರು ಗೊಂಬೆಯಾಟ ನೋಡಿ. ಕಸೆ: ಬೈರಾಸು. ಹುಬ್ಬು: ಆರ್ಡರ್ ಕೊಟ್ಟವರ ತಮ್ಮನ ಫೋಟೋ ನೋಡಿ" ಅಂತ ಉಂಟು. ಉಪ್ಪಿನಕುದ್ರು ಗೊತ್ತಿಲ್ಲದವರಿಗೆ, ಕುಂದಾಪುರದ ಹತ್ರ, ಕೊಗ್ಗ ಕಾಮತರ ಮನೆತನದ ಸೂತ್ರದ ಗೊಂಬೆ, ಯಕ್ಷಗಾನದ್ದೇ ವೇಷ ಭಾಗವತಿಕೆ ಎಲ್ಲ ಇರುವಂಥದ್ದು. ಅಲ್ಲಿ ದಾರದಲ್ಲಿ ಕೈ ಎತ್ತುವಾಗ ಮೊಣಕೈ ಮೊದ್ಲು ಏಳ್ತದೆ, ಅಂಗೈ ಹಿಂದಿಂದ ಬರ್ತದೆ, ಆ ಚಲನೆಯ ನಡುವಿನ ಒಂದು ಕ್ಷಣವನ್ನು ಇವರು ಪ್ಲಾಸ್ಟಿಕ್ ಕೈಗೆ ತಂದಿದ್ದಾರೆ. ನೋಡಿ ತಗೊಂಡದ್ದು ಅಂತ ಕಾರ್ಡಲ್ಲೇ ಬರೆದುಬಿಟ್ಟಿದ್ದಾರೆ. ನನಗೆ ಸ್ಫೂರ್ತಿ ಅಂದ್ರೆ ಇದೇ. ಬೇರೆ ಅಳತೆಯ ಬೇರೆ ಸಾಮಾನಿನ ಒಂದು ಆಟವನ್ನು ನೋಡಿ, ಅದು ಹೇಗೆ ಹಾಗಾಗ್ತದೆ ಅಂತ ಅರ್ಥ ಮಾಡ್ಕೊಂಡು, ತನ್ನ ಗೊಂಬೆಯಲ್ಲಿ ಅದಕ್ಕೆ ಬೇರೆ ದಾರಿ ಹುಡುಕಿದ್ದು.

ನಾನು ಇದ್ದಾಗ್ಲೇ ಒಬ್ರು ಹೆಂಗಸು ಬ್ಲೈತ್ ಗೊಂಬೆ ಹಿಡ್ಕೊಂಡು ಬಂದ್ರು. ಬ್ಲೈತ್ ಅಂದ್ರೆ 1972ರಲ್ಲಿ ಅಮೆರಿಕದ ಕೆನ್ನರ್ ಕಂಪನಿ ಮಾಡಿ ಒಂದೇ ವರ್ಷಕ್ಕೆ ನಿಲ್ಲಿಸಿದ ದೊಡ್ಡ ತಲೆಯ ಗೊಂಬೆ, 2001ರಲ್ಲಿ ಜಪಾನಿನ ಟಕಾರ ಅದನ್ನು ಪುನಃ ತಂದ ಮೇಲೆ ಲೋಕ ಇಡೀ ಕಸ್ಟಮ್ ಮಾಡುವವರ ಪ್ರೀತಿಯ ಗೊಂಬೆ ಆಗಿದೆ. ಅವರ ಫೋನಲ್ಲಿ ಹೊರದೇಶದ ಯಾರೋ ಕಲಾವಿದೆ ಮಾಡಿದ ಬ್ಲೈತಿನ ಸ್ಕ್ರೀನ್‌ಶಾಟ್, ಇದೇ ಬೇಕು, ಅಲ್ಲಿಂದ ತರಿಸಿದ್ರೆ ಕೈಗೆ ಸಿಗುವ ರೇಟಲ್ಲ ಅಂದ್ರು. ಅಕ್ಕ ಬೈಲಿಲ್ಲ, ಭಾಷಣ ಬಿಗೀಲಿಲ್ಲ. "ಇದ್ರಲ್ಲಿ ನಿಮ್ಗೆ ಎಂತ ಇಷ್ಟ ಆಯ್ತು ಹೇಳಿ" ಅಂತ ಕೇಳಿದ್ರು. ಅವರು ಎಲ್ಲ ಅಂದ್ರು. "ಎಲ್ಲ ಅಂದ್ರೆ ಆಗುದಿಲ್ಲಮ್ಮ, ಮೊದ್ಲು ಕಣ್ಣು ಎಲ್ಲಿಗೆ ಹೋಯ್ತು?" ಅಂತ ಪುನಃ ಕೇಳಿದಾಗ ಸ್ವಲ್ಪ ಯೋಚ್ನೆ ಮಾಡಿ, ಗೊಂಬೆ ಬೇಜಾರಲ್ಲಿದ್ದ ಹಾಗೆ ಇದ್ರೂ ಅಳುವ ಹಾಗಿಲ್ಲ, ಅದು ಅಂದ್ರು. "ಹಾಂ, ಅದು ಮಾಡುವ. ಫೋನ್ ಒಳಗೆ ಇಡಿ ಈಗ. ನಿಮ್ಮ ಮನೆಯಲ್ಲಿ ಹಾಗೆ ಇರುವವರು ಯಾರು?" ಅಲ್ಲಿಂದ ಅವರ ದೊಡ್ಡಮ್ಮನ ಕತೆ ಶುರುವಾಯ್ತು, ಬಿಳೀ ಸೀರೆ, ಶಂಕರಪುರ ಮಲ್ಲಿಗೆ ಕಟ್ಟುವ ಕೈ, ಹೀಗೆ ಮಾತಾಡ್ತಾ ಮಾತಾಡ್ತಾ ಸ್ಕ್ರೀನ್‌ಶಾಟ್ ಮರ್ತೇ ಹೋಯ್ತು. ಆ ಗೊಂಬೆ ಆಮೇಲೆ ಹೇಗೆ ಬಂತು ಅಂತ ನಾನು ನೋಡಿದ್ದೇನೆ, ಯಾರ ಕಾಪಿಯೂ ಅಲ್ಲ ಅದು.

ಈ ಹಾಬಿಯಲ್ಲಿ ಎಲ್ರೂ ಎಲ್ರನ್ನು ನೋಡಿಯೇ ಕಲಿಯುದು, ಅದ್ರಲ್ಲಿ ಎರಡು ಮಾತಿಲ್ಲ. ಬಾರ್ಬಿಯ ಕತೆಯೇ ನೋಡಿ. 1955ರಲ್ಲಿ ಜರ್ಮನಿಯಲ್ಲಿ ಬಿಲ್ಡ್ ಲಿಲ್ಲಿ ಅಂತ ಒಂದು ಗೊಂಬೆ ಬಂತು, ಪೇಪರಿನ ಕಾರ್ಟೂನಿನಿಂದ ಬಂದದ್ದು, ಮ್ಯಾಟೆಲ್‌ನ ರೂತ್ ಹ್ಯಾಂಡ್ಲರ್ ಯುರೋಪ್ ಟೂರಿಗೆ ಹೋದಾಗ ಅದನ್ನು ನೋಡಿ ತಂದ್ರು, 1959ರಲ್ಲಿ ಬಾರ್ಬಿ ಬಂತು. ಎರಡನ್ನೂ ಅಕ್ಕಪಕ್ಕ ಇಟ್ರೆ ಯಾರಿಗಾದ್ರೂ ಗೊತ್ತಾಗ್ತದೆ. ಕೋರ್ಟಿಗೂ ಹೋಯ್ತು, 1963ರಲ್ಲಿ ರಾಜಿ ಆಯ್ತು, 1964ರಲ್ಲಿ ಮ್ಯಾಟೆಲ್ ಲಿಲ್ಲಿಯ ಹಕ್ಕನ್ನೇ ಖರೀದಿ ಮಾಡ್ತು. ಬಾರ್ಬಿಯೇ ಹಾಗೆ ಬಂದದ್ದಲ್ವಾ, ನಾವು ಒಂದು ಕಾಪಿ ಮಾಡಿದ್ರೆ ಎಂತ ಅಂತ ಕೆಲವರು ಇದನ್ನೇ ಎತ್ತಿ ಹೇಳ್ತಾರೆ. ಹಕ್ಕು ತಗೊಳ್ಳಬೇಕಾಗಿ ಬಂತು ಅನ್ನುವುದನ್ನೂ ಸೇರಿಸಿ ಹೇಳಿ ಅಂತ ನಾನು ಅವರಿಗೆ ಹೇಳುದು.

ಈಗ ಆ ಮಣಿ. ಮಂಗಳೂರಲ್ಲಿ ಒಂದು ಎಕ್ಸಿಬಿಷನ್ ಸ್ಟಾಲಲ್ಲಿ (ಯಾರದ್ದು ಅಂತ ಹೇಳುದಿಲ್ಲ) ಬಭ್ರುವಾಹನ ಗೊಂಬೆ ಕಂಡಿತು, ನನ್ನದಕ್ಕಿಂತ ಅರ್ಧಕ್ಕೂ ಕಮ್ಮಿ ರೇಟು. ಕೈ ಅದೇ ತರ ಎತ್ತಿದೆ, ಹುಬ್ಬು ನನ್ನ ತಮ್ಮನ ಹುಬ್ಬೇ. ಅಕ್ಕ ಹಾಕಿದ ಫೋಟೋ ನೋಡಿ ಮಾಡಿದ್ದು. ಕಸೆ ತಿರುಗಿಸಿ ನೋಡಿದ್ರೆ ಪ್ರಿಂಟೆಡ್ ಬಟ್ಟೆ, ಇಡೀ ಒಂದೇ ತುಂಡು, ಎಲ್ಲಿಯೂ ಜೋಡಿಲ್ಲ, ಆದ್ರೂ ಎಡಗಡೆ ಮಾತ್ರ ಎರಡು ಸಾಲು ಚಿನ್ನದ ಮಣಿ! ಹೊಲಿಗೆ ಕೆಟ್ಟದ್ದಲ್ಲ, ನಿಜ ಹೇಳ್ಬೇಕಂದ್ರೆ ನೀಟಾಗಿತ್ತು, ಕೈಯಲ್ಲಿ ಕೆಲಸ ಇರುವವರೇ ಮಾಡಿದ್ದು, ಅದಕ್ಕೇ ನನಗೆ ಜಾಸ್ತಿ ಸಂಕಟ ಆದದ್ದು. ಒಬ್ರು ಬಟ್ಟೆ ಸಾಲದೆ ಕೂತು ತಲೆ ಓಡಿಸಿ ಮಾಡಿದ ಉಪಾಯ ಅದು, ಇವರಿಗೆ ಬಟ್ಟೆ ಬೇಕಾದಷ್ಟು ಇತ್ತು, ಕಾರಣವೇ ಇಲ್ಲದೆ ಉತ್ತರ ಮಾತ್ರ ಎತ್ಕೊಂಡು ಬಂದಿದ್ದಾರೆ. ನನ್ನ ಲೆಕ್ಕದಲ್ಲಿ ಗೆರೆ ಇರುದು ಅಲ್ಲೇ. ಎರಡು ಗೊಂಬೆ ಎಷ್ಟು ಒಂದೇ ತರ ಕಾಣ್ತದೆ ಅಂತ ನೋಡಿದ್ರೆ ಸಾಲುದಿಲ್ಲ, ಬಡಗಿನ ಯಾವ ಎರಡು ಬಭ್ರುವಾಹನ ಪಕ್ಕ ಪಕ್ಕ ಇಟ್ರೂ ಒಂದೇ ತರ ಕಾಣ್ತದೆ, ವೇಷ ಅದೇ ಅಲ್ವಾ. ಮಾಡಿದವರು ಪ್ರತಿಯೊಂದನ್ನೂ ಯಾಕೆ ಹಾಗೆ ಮಾಡಿದ್ರು ಅಂತ ಕೇಳಿದ್ರೆ ಅವರ ಹತ್ರ ಉತ್ತರ ಉಂಟಾ ಅಂತ ನೋಡ್ಬೇಕು.

ಅಕ್ಕನಿಗೆ ಫೋಟೋ ಕಳಿಸಿದೆ. ಜಗಳಕ್ಕೆ ಹೋಗ್ಲಿಲ್ಲ ಅವರು. "ಯಕ್ಷಗಾನ ನನ್ನ ಅಪ್ಪನ ಮನೆದ್ದಲ್ಲ, ಬಭ್ರುವಾಹನ ಯಾರು ಬೇಕಾದ್ರೂ ಮಾಡ್ಲಿ ಮಾರಾಯ್ರೆ. ನಿಮ್ಮ ತಮ್ಮನ ಹುಬ್ಬು ಅವರಿಗೆ ಎಂತಕ್ಕೆ?" ಅಂದ್ರು. ಕಾನೂನೂ ಹೆಚ್ಚುಕಮ್ಮಿ ಇದನ್ನೇ ಹೇಳುದು, 1978ರಲ್ಲಿ ಸುಪ್ರೀಂ ಕೋರ್ಟು ಆರ್.ಜಿ. ಆನಂದ್ ಕೇಸಲ್ಲಿ ಐಡಿಯಾಕ್ಕೆ, ವಸ್ತುವಿಗೆ, ಪುರಾಣ ಇತಿಹಾಸದ ಸಂಗತಿಗೆ ಕಾಪಿರೈಟ್ ಇಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ ಅಂತ ಹೇಳಿದೆ. ಇನ್ನೊಂದು, ಮಾರುವವರು ತಿಳ್ಕೊಳ್ಳಿ: 1957ರ ಕಾಪಿರೈಟ್ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಡಿಸೈನ್ ಆಗಿ ರಿಜಿಸ್ಟರ್ ಮಾಡ್ಲಿಕ್ಕೆ ಆಗುವಂಥದ್ದನ್ನು ರಿಜಿಸ್ಟರ್ ಮಾಡದೆ ಇಂಡಸ್ಟ್ರಿಯಲ್ ರೀತಿಯಲ್ಲಿ 50ಕ್ಕಿಂತ ಜಾಸ್ತಿ ಪೀಸ್ ಮಾಡಿದ್ರೆ ಆ ಡಿಸೈನಿನ ಕಾಪಿರೈಟ್ ಹೋಗ್ತದೆ. ಒಂದೊಂದೇ ಕೈಯಲ್ಲಿ ಮಾಡುವವರಿಗೆ ಇದು ಸುಲಭಕ್ಕೆ ತಾಗುದಿಲ್ಲ, ಒಂದೇ ಮಾದರಿಯನ್ನು ಅಚ್ಚು ಹಾಕಿ ಬ್ಯಾಚಲ್ಲಿ ತೆಗೆಯುವ ಯೋಚ್ನೆ ಇದ್ರೆ ಮೊದ್ಲೇ ವಕೀಲರ ಹತ್ರ ಕೇಳಿ.

ಅಚ್ಚು ಅಂದಾಗ, ಅಕ್ಕನ ಹತ್ರ ರೀಕಾಸ್ಟ್ ಗೊಂಬೆ ತಗೊಂಡು ಹೋಗ್ಬೇಡಿ, ಮುಟ್ಟುದಿಲ್ಲ ಅವರು. ಬೇರೆಯವರು ಮಾಡಿದ ಬಾಲ್ ಜಾಯಿಂಟೆಡ್ (ಗುಂಡು ಕೀಲಿನ) ರೆಸಿನ್ ಗೊಂಬೆಯ ಮೇಲೆ ಸಿಲಿಕೋನ್ ಹೊಯ್ದು ಅಚ್ಚು ತೆಗ್ದು ಕಡಿಮೆ ರೇಟಿಗೆ ಮಾರುವ ದಂಧೆ ಅದು. ರೆಸಿನ್ ಗಟ್ಟಿಯಾಗುವಾಗ ಸ್ವಲ್ಪ ಕುಗ್ಗುತ್ತದೆ, ಹಾಗಾಗಿ ರೀಕಾಸ್ಟು ಒರಿಜಿನಲ್ಲಿಗಿಂತ ಒಂಚೂರು ಸಣ್ಣ ಇರ್ತದೆ, ರೆಪ್ಪೆಯ ಅಂಚು ಉಗುರಿನ ಗೆರೆ ಎಲ್ಲ ಮಾಸಿದ ಹಾಗೆ. ಇದಕ್ಕೆ ಸ್ಫೂರ್ತಿ ಅನ್ನುವ ಮಾತು ಹಚ್ಚುದೇ ತಪ್ಪು, ಇಲ್ಲಿ ಯಾರ ತಲೆಯೂ ಓಡ್ಲಿಲ್ಲ.

ಆದ್ರೆ ಒಂದು ವಿಷಯದಲ್ಲಿ ಅಕ್ಕನ ಜೊತೆ ನನಗೆ ಒಪ್ಪಿಗೆ ಇಲ್ಲ. ಮೂಗಿನ ಮೇಲೆ ಚುಕ್ಕಿ ಚುಕ್ಕಿ, ಅರ್ಧ ಮುಚ್ಚಿದ ಕಣ್ಣು, ಇಂಥದ್ದನ್ನು ಅವರು ಮಾಡುದೇ ಇಲ್ಲ, ಅದು ಇಂಥ ಕಲಾವಿದರ ಗುರುತು ಅಂತ ಹೇಳ್ತಾರೆ. ಅರ್ಧ ಕಣ್ಣು ಯಾರಪ್ಪಂದೂ ಅಲ್ಲ, ನಿದ್ದೆ ಬಂದ ಮಗು ನೋಡಿದ್ರೆ ಯಾರಿಗೂ ಹೊಳೀತದೆ. ಟೆಕ್ನಿಕ್ಕಿಗೆ ಬೇಲಿ ಹಾಕಿದ್ರೆ ಹೊಸಬರು ಕಲಿಯುದು ಹೇಗೆ? ಮೇಳದಲ್ಲಿಯೂ ಹುಡುಗರು ಹಿರಿಯರ ಬಣ್ಣಗಾರಿಕೆ ನೋಡಿ ಅದನ್ನೇ ತಮ್ಮ ಮುಖಕ್ಕೆ ಬರೆದು ಬರೆದು ಕೈ ಪಳಗಿಸ್ತಾರೆ, ಮನೆಯಲ್ಲಿ ಕೂತು ಕಲಿಯುವವರು ಬೇರೆಯವರ ಗೊಂಬೆಯ ಮುಖ ಹಾಗೇ ಬಿಡಿಸಿ ನೋಡಿದ್ರೆ ನನಗೆ ಅದ್ರಲ್ಲಿ ತಪ್ಪೇ ಕಾಣುದಿಲ್ಲ. ನನ್ನ ಸ್ವಂತ ಐಡಿಯಾ ಅಂತ ಹೇಳಿ ರೇಟ್ ಹಾಕಿ ಮಾರುವಾಗ ಮಾತ್ರ ಅದು ಬೇರೆ ವಿಷಯ. ಇದನ್ನು ಅವರಿಗೂ ಹೇಳಿದ್ದೇನೆ, ಒಪ್ಲಿಲ್ಲ, ನಕ್ಕು ಚಾ ಕೊಟ್ರು.

ಹೋಗುವವರಿಗೆ: ನವೆಂಬರಿನ ನಂತರ ಆರ್ಡರ್ ಹಾಕಿ, ಮಳೆಯ ಕಾಟ ಇರುದಿಲ್ಲ. ಸ್ಕ್ರೀನ್‌ಶಾಟ್ ಒಂದೇ ಇಟ್ಕೊಂಡು ಹೋಗ್ಬೇಡಿ, ಮನೆಯ ಹಳೇ ಫೋಟೋ, ಹರಿದ ಸೀರೆಯ ಅಂಚು, ಅಜ್ಜಿಯ ರವಿಕೆ ತುಂಡು ಎಂತ ಇದ್ರೂ ಚೀಲದಲ್ಲಿ ಹಾಕ್ಕೊಂಡು ಹೋಗಿ, ಅದನ್ನು ಹರಡಿ ಕೂತು ಮಾತಾಡ್ಲಿಕ್ಕೆ ಅವರಿಗೆ ಟೈಮ್ ಉಂಟು. ಅಂಟಿಸಿದ ಭಾಗ ಯಾವುದು ಹೊಲಿದದ್ದು ಯಾವುದು ಅಂತ ಕೇಳಿ ಡಾಬನ್ನು ಹೊಲಿಸಿಯೇ ತಗೊಳ್ಳಿ. ಅರ್ಧ ದುಡ್ಡು ಮೊದ್ಲೇ ಕೊಡ್ಬೇಕು, ಕಾರ್ಡ್ ತಗೊಳ್ಳುದಿಲ್ಲ, ಯುಪಿಐ ಆಗ್ತದೆ.