ದಲಾಲಿ ಅಂಗಡಿಯ ಲೆಕ್ಕಕ್ಕೆ ಪಿವಟ್ ಟೇಬಲ್: ಒಟ್ಟು ನಂಬಿ, ಸರಾಸರಿ ತಾಳೆ ನೋಡಿ

ರಾಯಚೂರಿನ ಎಪಿಎಂಸಿಯಂಥ ಕಡೆ ಹತ್ತಿ, ತೊಗರಿ, ಭತ್ತ, ಶೇಂಗಾ ಎಲ್ಲವನ್ನೂ ಹಿಡಿಯುವ ದಲಾಲಿ ಅಂಗಡಿಯ ಲೆಕ್ಕಕ್ಕೆ ಎಕ್ಸೆಲ್‌ನ ಪಿವಟ್ ಟೇಬಲ್ ಹೇಗೆ? ಹಲವು ಹಂಗಾಮು ಬಳಸಿದ ಮೇಲೆ ಐದಕ್ಕೆ ನಾಲ್ಕು ಅಂಕ ಕೊಡಬಹುದು. ಹೋದ ಒಂದು ಅಂಕ ಪೂರ್ತಿ ಸರಾಸರಿ ದರದ ಖಾತೆಗೆ.

ಇದು ಮಾಡುವುದು ಹೊಸ ಕೆಲಸವೇನಲ್ಲ. ಕಿರ್ದಿಯಲ್ಲಿ ದಿನವಹಿ ಬರೆದದ್ದನ್ನು ಖಾತೆವಾರು ಎತ್ತಿ ಕೂಡಿಸುತ್ತಿದ್ದರಲ್ಲ, ಅದೇ. ಗುಮಾಸ್ತ ಎರಡು ದಿನ ಕೂತು ತೆಗೆಯುತ್ತಿದ್ದ ಸರಕುವಾರು, ತಾಲ್ಲೂಕುವಾರು ಪಟ್ಟಿ ಅರ್ಧ ನಿಮಿಷದಲ್ಲಿ ಬರುತ್ತದೆ. ಆದರೆ ಎಕ್ಸೆಲ್‌ನಲ್ಲಿ ಬರೆಯುವ ಕಿರ್ದಿ ಶುದ್ಧವಾಗಿರಬೇಕು. ಒಂದು ಲಾಟಿಗೆ (ಒಟ್ಟಿಗೆ ಮಾರಾಟವಾಗುವ ಒಂದು ರಾಶಿಗೆ) ಒಂದು ಸಾಲು. ಮೇಲಿನ ಸಾಲಿನಲ್ಲಿ ದಿನಾಂಕ, ಲಾಟ್, ರೈತ, ಊರು, ತಾಲ್ಲೂಕು, ಸರಕು, ತೂಕ, ದರ, ಮೊತ್ತ, ಖರೀದಿದಾರ ಎಂದು ಪ್ರತಿ ಕಾಲಮ್ಮಿಗೂ ತಲೆಬರಹ. ಒಂದು ತಲೆಬರಹ ಖಾಲಿ ಬಿಟ್ಟರೂ ಫೀಲ್ಡ್ ಹೆಸರು ಸರಿಯಿಲ್ಲ ಎಂದು ಎಕ್ಸೆಲ್ ಮುಂದಕ್ಕೆ ಹೋಗುವುದಿಲ್ಲ. ಅಂದವಾಗಿ ಕಾಣಲೆಂದು ಸೆಲ್‌ಗಳನ್ನು ಮರ್ಜ್ ಮಾಡಬಾರದು. ಪ್ರತಿ ದಿನದ ಕೊನೆಗೆ 'ಇಂದಿನ ಒಟ್ಟು' ಎಂದು ಬರೆಯುವ ಕಿರ್ದಿಯ ರೂಢಿಯನ್ನಂತೂ ಇಲ್ಲಿ ಬಿಡಲೇಬೇಕು. ಪಿವಟ್ ಆ ಸಾಲನ್ನೂ ಒಂದು ಲಾಟ್ ಎಂದೇ ಎಣಿಸಿ ಮೊತ್ತವನ್ನು ಇಮ್ಮಡಿ ಮಾಡುತ್ತದೆ.

ಪಟ್ಟಿಯ ಒಳಗೆ ಎಲ್ಲಾದರೂ ಕ್ಲಿಕ್ ಮಾಡಿ ಮೊದಲು ಕಂಟ್ರೋಲ್ ಮತ್ತು ಟಿ ಒತ್ತಿ, ಅದನ್ನು ಟೇಬಲ್ ಮಾಡಿ. ಆಮೇಲೆ ಇನ್ಸರ್ಟ್, ಪಿವಟ್ ಟೇಬಲ್, ಹೊಸ ವರ್ಕ್‌ಶೀಟ್. ಬಲಗಡೆ ಬರುವ ಪೆಟ್ಟಿಗೆಯಲ್ಲಿ ಸರಕನ್ನು ರೋಸ್‌ಗೆ (ಅಡ್ಡ ಸಾಲು), ತಾಲ್ಲೂಕನ್ನು ಕಾಲಮ್ಸ್‌ಗೆ, ತೂಕ ಮತ್ತು ಮೊತ್ತವನ್ನು ವ್ಯಾಲ್ಯೂಸ್‌ಗೆ ಎಳೆದುಬಿಟ್ಟರೆ ಆಯಿತು. ಟೇಬಲ್ ಮಾಡುವ ಹೆಜ್ಜೆಯನ್ನು ಹಾರಿಸುವವರೇ ಹೆಚ್ಚು. ಹಾಗೆ ಮಾಡಿದರೆ, ಪಟ್ಟಿ ಆಗ 500 ಸಾಲಿದ್ದರೆ, ಪಿವಟ್ 500ನೇ ಸಾಲಿಗೆ ಗೆರೆ ಎಳೆದುಕೊಂಡು ಕೂರುತ್ತದೆ. 501ನೇ ಲಾಟ್ ಬರೆದು ರಿಫ್ರೆಶ್ ಮಾಡಿದರೂ ಅದು ಲೆಕ್ಕಕ್ಕೆ ಬರುವುದಿಲ್ಲ, ಬಂದಿಲ್ಲ ಎಂದು ಯಾರೂ ಹೇಳುವುದೂ ಇಲ್ಲ. ಟೇಬಲ್ ಆಗಿದ್ದರೆ ಸಾಲು ಬೆಳೆದಂತೆ ವ್ಯಾಪ್ತಿಯೂ ಬೆಳೆಯುತ್ತದೆ. ಬಹುತೇಕ ಎಕ್ಸೆಲ್ ಆವೃತ್ತಿಗಳಲ್ಲಿ ರಿಫ್ರೆಶ್ ಮಾತ್ರ ನಾವೇ ಮಾಡಬೇಕು: ಒಂದಕ್ಕೆ ಆಲ್ಟ್ ಮತ್ತು ಎಫ್5, ಎಲ್ಲಕ್ಕೂ ಕಂಟ್ರೋಲ್, ಆಲ್ಟ್, ಎಫ್5. ಪಿವಟ್ ಟೇಬಲ್ ಆಪ್ಷನ್ಸ್‌ನ ಡೇಟಾ ವಿಭಾಗದಲ್ಲಿ, ಫೈಲ್ ತೆರೆದಾಗ ರಿಫ್ರೆಶ್ ಆಗಲಿ ಎಂಬ ಆಯ್ಕೆಗೆ ಟಿಕ್ ಹಾಕಿಟ್ಟರೆ ಅರ್ಧ ತಲೆನೋವು ಕಡಿಮೆ.

ಈಗ ಸರಾಸರಿಗೆ ಬರೋಣ. 'ಈ ಸಲ ತೊಗರಿ ಸರಾಸರಿ ಎಷ್ಟಕ್ಕೆ ಹೋಯಿತು?' ಎಂಬುದು ರೈತನೂ ಖರೀದಿದಾರನೂ ಕೇಳುವ ಮೊದಲ ಪ್ರಶ್ನೆ. ದರವನ್ನು ವ್ಯಾಲ್ಯೂಸ್‌ಗೆ ಎಳೆದು ಆವರೇಜ್ ಆರಿಸಿದರೆ ಒಂದು ಅಂಕಿ ಬರುತ್ತದೆ, ಅದು ತಪ್ಪು. ಲೆಕ್ಕ ಹಾಕಿ ನೋಡಿ: 2 ಕ್ವಿಂಟಲ್ 10,400 ರೂಪಾಯಿಗೆ, 40 ಕ್ವಿಂಟಲ್ 9,600ಕ್ಕೆ, 8 ಕ್ವಿಂಟಲ್ 10,000ಕ್ಕೆ ಹೋಗಿವೆ ಎನ್ನೋಣ. ಪಿವಟ್ ಕೊಡುವ ಸರಾಸರಿ 10,000. ನಿಜವಾಗಿ 50 ಕ್ವಿಂಟಲ್‌ಗೆ ಬಂದ ರೊಕ್ಕ 4,84,800, ಅಂದರೆ ಕ್ವಿಂಟಲ್‌ಗೆ 9,696. ಎರಡು ಕ್ವಿಂಟಲ್‌ನ ಲಾಟಿಗೂ ನಲವತ್ತು ಕ್ವಿಂಟಲ್‌ನ ಲಾಟಿಗೂ ಪಿವಟ್ ಸಮನಾದ ತೂಕ ಕೊಟ್ಟಿದ್ದರಿಂದ ಕ್ವಿಂಟಲ್‌ಗೆ 304 ರೂಪಾಯಿ ಹೆಚ್ಚು ಕಾಣಿಸಿತು. ಸಣ್ಣ, ಆಯ್ದ ಲಾಟ್‌ಗಳಿಗೆ ಹೆಚ್ಚು ದರ ಸಿಗುವ ದಿನಗಳಲ್ಲಿ ಈ ಅಂತರ ಒಂದೇ ದಿಕ್ಕಿಗೆ ವಾಲುತ್ತದೆ.

ಇದಕ್ಕೆ ಮದ್ದು ಎಕ್ಸೆಲ್‌ನಲ್ಲೇ ಇದೆ. ಪಿವಟ್ ಮೇಲೆ ಕ್ಲಿಕ್ ಮಾಡಿ ಅನಲೈಜ್, ನಂತರ ಫೀಲ್ಡ್ಸ್ ಐಟಮ್ಸ್ ಅಂಡ್ ಸೆಟ್ಸ್, ಅದರೊಳಗೆ ಕ್ಯಾಲ್ಕ್ಯುಲೇಟೆಡ್ ಫೀಲ್ಡ್. 'ನಿಜದರ' ಎಂದು ಹೆಸರು ಕೊಟ್ಟು, ಮೊತ್ತ ಭಾಗಿಸು ತೂಕ ಎಂಬ ಸೂತ್ರ ಹಾಕಿ. ಕ್ಯಾಲ್ಕ್ಯುಲೇಟೆಡ್ ಫೀಲ್ಡ್ ಮೊದಲು ಎರಡನ್ನೂ ಬೇರೆ ಬೇರೆ ಕೂಡಿಸಿ ಆಮೇಲೆ ಭಾಗಿಸುತ್ತದೆ, ಆದ್ದರಿಂದ ಉತ್ತರ 9,696 ಎಂದೇ ಬರುತ್ತದೆ. ಈ ಗುಣವೇ ಗುಣಾಕಾರದಲ್ಲಿ ದೋಷ. ತೂಕ ಗುಣಿಸು ದರ ಎಂದು ಹಾಕಿದರೆ 50 ಕ್ವಿಂಟಲ್ ಅನ್ನು ಮೂರು ದರಗಳ ಮೊತ್ತ 30,000ದಿಂದ ಗುಣಿಸಿ 15 ಲಕ್ಷ ಎನ್ನುತ್ತದೆ. ಹಾಗಾಗಿ ಮೊತ್ತದ ಗುಣಾಕಾರ ಕಿರ್ದಿಯ ಸಾಲಿನಲ್ಲೇ ಆಗಬೇಕು, ಭಾಗಾಕಾರ ಮಾತ್ರ ಪಿವಟ್‌ನಲ್ಲಿ. ಗ್ರ್ಯಾಂಡ್ ಟೋಟಲ್ ಸಾಲಿನಲ್ಲಿ ಬರುವ ನಿಜದರವನ್ನು ಓದಲೇಬೇಡಿ. ಹತ್ತಿ, ಭತ್ತ ಬೆರೆಸಿ ತೆಗೆದ ಸರಾಸರಿಗೆ ಯಾವ ಮಂಡಿಯಲ್ಲೂ ಬೆಲೆಯಿಲ್ಲ.

ಭತ್ತದಲ್ಲಿ ಇನ್ನೊಂದು ತೊಡಕಿದೆ. ಸಿಂಧನೂರು, ಮಾನ್ವಿ ಕಡೆ ಭತ್ತದ ದರವನ್ನು 75 ಕಿಲೋ ಚೀಲಕ್ಕೆ ಹೇಳುತ್ತಾರೆ, ತೊಗರಿ ಹತ್ತಿಗಳದ್ದು ಕ್ವಿಂಟಲ್‌ಗೆ. ಬಾಯಲ್ಲಿ ಹೇಳಿದ್ದನ್ನೇ ಬರೆದರೆ ಒಂದೇ ಕಾಲಮ್ಮಿನಲ್ಲಿ ಎರಡು ಅಳತೆ ಬೆರೆಯುತ್ತವೆ. ಚೀಲಕ್ಕೆ 2,100 ಎಂದರೆ ಕ್ವಿಂಟಲ್‌ಗೆ 2,800. ಚೀಲದ ಸಂಖ್ಯೆಗೆ ಬೇರೆ ಕಾಲಮ್ ಇರಲಿ. ತೂಕವನ್ನು ಚೀಲ ಗುಣಿಸು 0.75 ಎಂದು ಕ್ವಿಂಟಲ್‌ಗೆ ತಂದುಕೊಳ್ಳಿ.

ವ್ಯಾಲ್ಯೂಸ್‌ನಲ್ಲಿ ಸಮ್ (ಮೊತ್ತ) ಬರಬೇಕಾದಲ್ಲಿ ಕೌಂಟ್ (ಎಣಿಕೆ) ಬಂದರೆ ಸಾಮಾನ್ಯವಾಗಿ ತೂಕದ ಕಾಲಮ್ಮಿನಲ್ಲಿ ಯಾರೋ '12 ಕ್ವಿಂ.' ಎಂದು ಅಕ್ಷರ ಸೇರಿಸಿ ಬರೆದಿದ್ದಾರೆ ಎಂದು ತಿಳಿಯಿರಿ. ಕೌಂಟನ್ನು ಸಮ್ ಎಂದು ಬದಲಿಸಿ ಸುಮ್ಮನಾಗಬೇಡಿ, ಆ 12 ಕ್ವಿಂಟಲ್ ಸದ್ದಿಲ್ಲದೆ ಸೊನ್ನೆಯಾಗುತ್ತದೆ.

ವಿಂಡೋಸ್‌ನ ರೀಜನ್ ಇಂಗ್ಲಿಷ್ (ಯುನೈಟೆಡ್ ಸ್ಟೇಟ್ಸ್) ಇದ್ದರೆ 03-11-2023 ಎಂದು ಬರೆದದ್ದು ಮಾರ್ಚ್ 11 ಆಗುತ್ತದೆ. 23-11-2023 ದಿನಾಂಕವೇ ಆಗದೆ ಬರೀ ಅಕ್ಷರವಾಗಿ ಉಳಿಯುತ್ತದೆ. ಆಮೇಲೆ ತಿಂಗಳುವಾರು ಗ್ರೂಪ್ ಮಾಡಲು ಹೋದರೆ ಈ ಆಯ್ಕೆಯನ್ನು ಗ್ರೂಪ್ ಮಾಡಲಾಗದು ಎಂಬ ಸಂದೇಶ. ಉಳಿದ ಅಕ್ಷರಗಳನ್ನು ಟೆಕ್ಸ್ಟ್ ಟು ಕಾಲಮ್ಸ್‌ನಲ್ಲಿ ಡೇಟ್, ಡಿಎಂವೈ (ದಿನ, ತಿಂಗಳು, ವರ್ಷ) ಆರಿಸಿ ಸರಿಪಡಿಸಬಹುದು. ಆಗಲೇ ಮಾರ್ಚ್ ಆಗಿಹೋದ ನವೆಂಬರ್ ಅದರಿಂದ ಸರಿಹೋಗುವುದಿಲ್ಲ. ರೀಜನ್ ಬದಲಿಸಿ ಮೊದಲಿಂದ ತುಂಬಿಸುವುದೇ ಸುರಕ್ಷಿತ ದಾರಿ.

ತಿಂಗಳು, ವರ್ಷದ ಗ್ರೂಪಿಂಗ್ ಸರಿಯಾಗಿ ಕೆಲಸ ಮಾಡಿದರೂ ಮಂಡಿಗೆ ಅಷ್ಟು ಒಗ್ಗುವುದಿಲ್ಲ. ಡಿಸೆಂಬರ್‌ನ ಹತ್ತಿಯನ್ನೂ ಜನವರಿಯ ಹತ್ತಿಯನ್ನೂ ಅದು ಎರಡು ವರ್ಷಕ್ಕೆ ಹಂಚುತ್ತದೆ. ನಮಗೆ ಅದು ಒಂದೇ ಹಂಗಾಮು. ಕಿರ್ದಿಯಲ್ಲೇ ಹಂಗಾಮು ಎಂಬ ಕಾಲಮ್ ಮಾಡಿ, ತಿಂಗಳು ನಾಲ್ಕಕ್ಕಿಂತ ಕಡಿಮೆಯಿದ್ದರೆ ವರ್ಷದಲ್ಲಿ ಒಂದು ಕಳೆಯುವ ಸೂತ್ರ ಹಾಕಿದರೆ ಹಣಕಾಸು ವರ್ಷ ಸಿಗುತ್ತದೆ, ಹತ್ತಿ ತೊಗರಿಗಳಿಗೆ ಅಷ್ಟು ಸಾಕು. ತುಂಗಭದ್ರಾ ಎಡದಂಡೆ ನಾಲೆಯ ಬೇಸಿಗೆ ಭತ್ತ ಏಪ್ರಿಲ್ ನಂತರ ಮಂಡಿಗೆ ಬರುವುದರಿಂದ ಅದಕ್ಕೆ 'ಬೇಸಿಗೆ' ಎಂದು ಕೈಯಿಂದಲೇ ಬರೆಯುವುದು ವಾಸಿ.

ತಾಲ್ಲೂಕಿನ ಹೆಸರನ್ನೂ ಕೈಯಿಂದ ಟೈಪ್ ಮಾಡಬಾರದು. ಸಿರವಾರ, ಮಸ್ಕಿ ಬೇರೆ ತಾಲ್ಲೂಕುಗಳಾಗುವ ಮುಂಚಿನ ಪಟ್ಟಿಯಲ್ಲಿ ಸಿರವಾರದ ಲಾಟ್ ಮಾನ್ವಿಯಲ್ಲಿದೆ, ಮಸ್ಕಿಯದ್ದು ಲಿಂಗಸೂಗೂರಿನಲ್ಲಿದೆ. ಹಳೆಯದು ಹೊಸದು ಕೂಡಿಸಿ ಪಿವಟ್ ಹಾಕಿದರೆ ಮಾನ್ವಿಯ ಆವಕ ಕುಸಿದಂತೆ ತೋರುತ್ತದೆ, ಬೆಳೆ ಮಾತ್ರ ಅಷ್ಟೇ ಇರುತ್ತದೆ. ಊರು ಒಂದು ಕಾಲಮ್, ತಾಲ್ಲೂಕು ಇನ್ನೊಂದು, ಹೀಗೆ ಬೇರೆ ಶೀಟಿನಲ್ಲಿ ಪಟ್ಟಿ ಮಾಡಿ, ಊರು ಕೊಟ್ಟರೆ ತಾಲ್ಲೂಕು ಹುಡುಕಿ ಕೊಡುವ ವಿಲುಕಪ್ ಸೂತ್ರದಿಂದ ತನ್ನಿ. ಸರಕಿನ ಹೆಸರಿಗೆ, ಕೊಟ್ಟ ಹೆಸರುಗಳಲ್ಲೇ ಆರಿಸುವಂತೆ ಮಾಡುವ ಡೇಟಾ ವ್ಯಾಲಿಡೇಶನ್‌ನ ಪಟ್ಟಿ ಇರಲಿ. ಇಲ್ಲದಿದ್ದರೆ 'ತೊಗರಿ', 'ತೂಗರಿ', ಕೊನೆಗೆ ಖಾಲಿ ಜಾಗವಿರುವ 'ತೊಗರಿ ' ಮೂರು ಸಾಲಾಗಿ ನಿಲ್ಲುತ್ತವೆ. ಕಿರ್ದಿಯಲ್ಲಿ ತಿದ್ದಿದ ಮೇಲೂ ಹಳೆ ಕಾಗುಣಿತ ಫಿಲ್ಟರ್ ಪಟ್ಟಿಯಲ್ಲಿ ಉಳಿದರೆ ಗಾಬರಿ ಬೇಡ. ಆಪ್ಷನ್ಸ್‌ನ ಡೇಟಾ ವಿಭಾಗದಲ್ಲಿ ಉಳಿಸಿಕೊಳ್ಳುವ ಐಟಂಗಳ ಸಂಖ್ಯೆಯನ್ನು 'ನನ್' (None, ಯಾವುದೂ ಬೇಡ) ಮಾಡಿ ರಿಫ್ರೆಶ್ ಮಾಡಿದರೆ ಹೋಗುತ್ತದೆ.

ನುಡಿಯ ಹಳೆ ಫಾಂಟಿನಲ್ಲಿ ಬರೆದಿಟ್ಟ ಕಡತಗಳಿದ್ದರೆ ಯೂನಿಕೋಡ್‌ಗೆ ಪರಿವರ್ತಿಸದೆ ಪಿವಟ್ ಮುಟ್ಟಬೇಡಿ. ಸ್ಲೈಸರ್ (ಗುಂಡಿ ಒತ್ತಿ ಸೋಸುವ ಪೆಟ್ಟಿಗೆ), ಫಿಲ್ಟರ್ ಪಟ್ಟಿಗಳಲ್ಲಿ ಆ ಫಾಂಟ್ ಬರುವುದಿಲ್ಲ, ಓದಲಾಗದ ಚಿಹ್ನೆಗಳೇ ತುಂಬಿರುತ್ತವೆ. ಮೇಲಾಗಿ ಇಂಗ್ಲಿಷ್‌ನ ದೊಡ್ಡಕ್ಷರ ಚಿಕ್ಕಕ್ಷರ ಪಿವಟ್‌ಗೆ ಒಂದೇ. ಆ ಫಾಂಟಿನಲ್ಲಿ ಅವು ಬೇರೆ ಬೇರೆ ಕನ್ನಡ ಅಕ್ಷರಗಳು. ಎರಡು ಹೆಸರು ಬೆರೆತುಹೋಗುವ ಸಾಧ್ಯತೆ ಇದೆ.

ಎಷ್ಟು ರೈತರು ಬಂದರು ಎಂಬ ಲೆಕ್ಕ ಬೇರೆಯೇ ತೆಗೆಯಬೇಕು. ಕೌಂಟ್ ಎಣಿಸುವುದು ಲಾಟ್‌ಗಳನ್ನು. ಒಬ್ಬ ರೈತ ಐದು ಲಾಟ್ ತಂದರೆ ಐದು. ಪಿವಟ್ ಮಾಡುವಾಗ ಡೇಟಾ ಮಾಡೆಲ್‌ಗೆ ಸೇರಿಸು ಎಂಬಲ್ಲಿ ಟಿಕ್ ಹಾಕಿದರೆ ಒಂದು ಹೆಸರನ್ನು ಒಂದೇ ಸಲ ಎಣಿಸುವ ಡಿಸ್ಟಿಂಕ್ಟ್ ಕೌಂಟ್ ಸಿಗುತ್ತದೆ, ಆದರೆ ಆ ಪಿವಟ್‌ನಲ್ಲಿ ಕ್ಯಾಲ್ಕ್ಯುಲೇಟೆಡ್ ಫೀಲ್ಡ್ ಸಿಗುವುದಿಲ್ಲ. ಒಂದು ಕೊಟ್ಟು ಒಂದು ಕಸಿಯುವ ಈ ವ್ಯವಸ್ಥೆಯಿಂದಾಗಿ ಎರಡು ಪಿವಟ್ ಇಟ್ಟುಕೊಳ್ಳಬೇಕು.

ಲಿಬ್ರೆ ಆಫೀಸ್ ಕ್ಯಾಲ್ಕ್ ಉಚಿತ, ಒಟ್ಟು ತೆಗೆಯಲು ಧಾರಾಳ ಸಾಕು. ಅದರಲ್ಲಿ ಕ್ಯಾಲ್ಕ್ಯುಲೇಟೆಡ್ ಫೀಲ್ಡ್ ಇಲ್ಲ. ಮೊತ್ತ, ತೂಕ ಎರಡನ್ನೂ ತೆಗೆದು ಪಕ್ಕದ ಸೆಲ್‌ನಲ್ಲಿ ಭಾಗಿಸಬೇಕು. ಗೂಗಲ್ ಶೀಟ್ಸ್ ತಾನೇ ರಿಫ್ರೆಶ್ ಆಗುತ್ತದೆ, ರಿಫ್ರೆಶ್ ಮರೆಯುವ ಅಂಗಡಿಗಳಿಗೆ ಅದೇ ಮೇಲು. ತಿಂಗಳಿಗೊಮ್ಮೆ ಆಡಿಟರಿಗೆ ಒಂದೇ ನಮೂನೆಯ ಪಟ್ಟಿ ಕಳಿಸುವುದಿದ್ದರೆ ಪಿವಟ್ ಬಿಟ್ಟು, ಹೇಳಿದ ಷರತ್ತಿನ ಸಾಲುಗಳನ್ನಷ್ಟೇ ಕೂಡಿಸುವ ಸಮ್‌ಇಫ್ಸ್ ಸೂತ್ರ ಹಾಕಿ. ಅದರಲ್ಲಿ ಹೊಸ ಸರಕು ತಾನಾಗಿ ಸೇರುವುದಿಲ್ಲ, ಆದ್ದರಿಂದ ಕೆಳಗೆ ಕಿರ್ದಿಯ ಒಟ್ಟು ಮೊತ್ತದೊಂದಿಗೆ ತಾಳೆ ನೋಡುವ ಒಂದು ಸೆಲ್ ಇರಲಿ.

ಪಿವಟ್‌ನ ಯಾವ ಅಂಕಿಯ ಮೇಲೆ ಎರಡು ಸಲ ಕ್ಲಿಕ್ ಮಾಡಿದರೂ ಅದರ ಹಿಂದಿನ ಲಾಟ್‌ಗಳು ಹೊಸ ಶೀಟಿನಲ್ಲಿ ಬಿಚ್ಚಿಕೊಳ್ಳುತ್ತವೆ. ತಕರಾರು ಬಂದಾಗ ಇದಕ್ಕಿಂತ ಉಪಯೋಗದ್ದು ಬೇರಿಲ್ಲ. ಆದರೆ ಹೊರಗೆ ಕಳಿಸಿದ ಫೈಲಿನಲ್ಲೂ ಹಾಗೆಯೇ ಬಿಚ್ಚಿಕೊಳ್ಳುತ್ತವೆ. ಕಿರ್ದಿಯ ಶೀಟ್ ಅಳಿಸಿದರೂ ಪಿವಟ್‌ನ ಒಳಗೆ ಅದರ ಪ್ರತಿ ಉಳಿದಿರುತ್ತದೆ. ಒಬ್ಬ ಖರೀದಿದಾರನಿಗೆ ಅವನ ಪಟ್ಟಿ ಕಳಿಸುವಾಗ ವ್ಯಾಲ್ಯೂಸ್ ಆಗಿ ಪೇಸ್ಟ್ ಮಾಡಿದ ಹೊಸ ಫೈಲ್ ಅಥವಾ ಪಿಡಿಎಫ್ ಮಾತ್ರ ಕಳಿಸಿ, ಇಲ್ಲವಾದರೆ ಪಕ್ಕದವನು ಯಾವ ದರಕ್ಕೆ ಹಿಡಿದ ಎಂಬುದನ್ನೂ ಅವನು ನೋಡಿಕೊಳ್ಳಬಹುದು.